ಬಟ್ಟಲು ತುಂಬುವವರು ಯಾರು, ಬೈಗುಳ ತಿನ್ನುವವರು ಯಾರು

ಸ್ನೇಹಿತರೇ, ಇಂದಿನ ಮಾತನ್ನು ಒಂದು ಬಟ್ಟಲಿನಿಂದ ಆರಂಭಿಸುತ್ತೇನೆ. 2009ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆನಿಫರ್ ಹ್ಯಾರಿಸ್, ಜಾನ್ ಬಾರ್ಗ್ ಮತ್ತು ಕೆಲ್ಲಿ ಬ್ರೌನೆಲ್ ಅವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ 7ರಿಂದ 11 ವರ್ಷದ ಮಕ್ಕಳಿಗೆ ಕಾರ್ಟೂನ್ ತೋರಿಸಿ, ಎದುರಿಗೆ ಒಂದು ಬಟ್ಟಲು ಕುರುಕಲು ತಿಂಡಿ ಇಡಲಾಗಿತ್ತು. ಕೆಲವರ ಕಾರ್ಟೂನಿನ ನಡುವೆ ತಿಂಡಿಗಳ ಜಾಹೀರಾತು ಬರುತ್ತಿತ್ತು, ಉಳಿದವರಿಗೆ ಬೇರೆ ವಸ್ತುಗಳ ಜಾಹೀರಾತು. ತಿಂಡಿಯ ಜಾಹೀರಾತು ನೋಡಿದ ಮಕ್ಕಳು ಶೇಕಡಾ 45ರಷ್ಟು ಹೆಚ್ಚು ತಿಂದರು. ಬಟ್ಟಲಿನಲ್ಲಿದ್ದದ್ದು ಜಾಹೀರಾತಿನಲ್ಲಿ ಬಂದ ತಿಂಡಿಯಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಜಾಹೀರಾತು ಗಿರಾಕಿಯನ್ನು ಒಂದು ಬ್ರಾಂಡಿನಿಂದ ಇನ್ನೊಂದಕ್ಕೆ ಹೊರಳಿಸುತ್ತದೆಯೇ ಹೊರತು ಯಾರನ್ನೂ ಹೆಚ್ಚು ತಿನ್ನಿಸುವುದಿಲ್ಲ ಎಂದು ಉದ್ಯಮದವರು ಹಿಂದಿನಿಂದಲೂ ಹೇಳಿಕೊಂಡು ಬಂದ ಮಾತು ಆ ಬಟ್ಟಲಿನ ಮುಂದೆ ನಿಲ್ಲುವುದಿಲ್ಲ.

ಈ ಸಂಶೋಧನೆ ನಡೆದದ್ದು 2005ರಲ್ಲಿ ಯೇಲ್‌ನಲ್ಲಿ ಆರಂಭವಾಗಿ 2015ರ ಹೊತ್ತಿಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡ ರಡ್ ಕೇಂದ್ರದ ಬಳಗದಲ್ಲಿ. ಆ ಕೇಂದ್ರದ ಒಂದು ಕೋಣೆಯಲ್ಲಿ ಮಕ್ಕಳಿಗೆ ಆಹಾರ ಮಾರುವ ತಂತ್ರಗಳ ಅಧ್ಯಯನ ನಡೆದರೆ, ಪಕ್ಕದ ಕೋಣೆಯಲ್ಲಿ ರೆಬೆಕಾ ಪುಲ್ ಮತ್ತು ಸಂಗಡಿಗರು ದಪ್ಪಗಿರುವವರು ಅನುಭವಿಸುವ ಅವಮಾನವನ್ನು ಅಧ್ಯಯನ ಮಾಡುತ್ತಾರೆ. ಇವೆರಡೂ ಬೇರೆ ಬೇರೆ ವಿಷಯಗಳೆಂದು ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಇದು ಒಂದೇ ಕಥೆ: ಮೊದಲು ಮಗುವನ್ನು ಗಿರಾಕಿಯೆಂದು ಓಲೈಸುತ್ತೇವೆ, ಆಮೇಲೆ ಅದೇ ಮಗುವನ್ನು ತಪ್ಪಿತಸ್ಥನೆಂದು ಕಟಕಟೆಯಲ್ಲಿ ನಿಲ್ಲಿಸುತ್ತೇವೆ.

ಓಲೈಕೆ ಎಷ್ಟು ಎಳೆಯ ವಯಸ್ಸಿನಲ್ಲಿ ಆರಂಭವಾಗುತ್ತದೆ ಎಂಬುದನ್ನು ಕ್ರಿಸ್ಟಿನಾ ರಾಬರ್ಟೊ ಮತ್ತು ಸಹೋದ್ಯೋಗಿಗಳು 2010ರಲ್ಲಿ ತೋರಿಸಿದರು. 4ರಿಂದ 6 ವರ್ಷದ ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಪೊಟ್ಟಣಗಳಲ್ಲಿ ಕೊಟ್ಟಾಗ, ಕಾರ್ಟೂನ್ ಪಾತ್ರದ ಚಿತ್ರವಿದ್ದ ಪೊಟ್ಟಣದ್ದೇ ಹೆಚ್ಚು ರುಚಿ ಎಂದು ಮಕ್ಕಳು ಹೇಳಿದರು. ಕ್ಯಾರೆಟ್‌ಗೆ ಅದೇ ಚಿತ್ರ ಅಂಟಿಸಿದಾಗ ಪರಿಣಾಮ ಅಷ್ಟು ಬಲವಾಗಿರಲಿಲ್ಲ. ನಾಲಿಗೆ ಮಗುವಿನದು, ಆದರೆ ರುಚಿಯ ತೀರ್ಪು ಪೊಟ್ಟಣದ್ದು. ಇಂಥ ಮಗುವಿಗೆ ‘ನೀನೇ ಆರಿಸಿಕೊಂಡೆಯಲ್ಲ’ ಎಂದು ಹೇಳುವ ಹಕ್ಕು ಯಾರಿಗಿದೆ? 2009ರಲ್ಲೇ ರಡ್ ಕೇಂದ್ರ ಬೆಳಗಿನ ಉಪಾಹಾರಕ್ಕೆ ಹಾಲಿನೊಂದಿಗೆ ತಿನ್ನುವ ಸಿದ್ಧ ಧಾನ್ಯದ ತಿಂಡಿಗಳನ್ನು (ಸೀರಿಯಲ್) ಪರಿಶೀಲಿಸಿದಾಗ, ಮಕ್ಕಳಿಗಾಗಿ ಪ್ರಚಾರ ಮಾಡುವ ಉತ್ಪನ್ನಗಳಲ್ಲಿ ದೊಡ್ಡವರದಕ್ಕಿಂತ ಶೇಕಡಾ 85ರಷ್ಟು ಹೆಚ್ಚು ಸಕ್ಕರೆ ಇತ್ತು.

ಸರ್ಕಾರ ಸುಮ್ಮನಿತ್ತು ಎಂದೇನೂ ಅಲ್ಲ. 1978ರಲ್ಲಿ ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮಕ್ಕಳ ಟಿವಿ ಜಾಹೀರಾತುಗಳಿಗೆ ಕಡಿವಾಣ ಹಾಕಲು ಹೊರಟಿತ್ತು. 1980ರಲ್ಲಿ ಸಂಸತ್ತು ಆ ಕಮಿಷನ್ನಿನ ಅಧಿಕಾರವನ್ನೇ ಮೊಟಕುಗೊಳಿಸಿತು. 2011ರಲ್ಲಿ ನಾಲ್ಕು ಸರ್ಕಾರಿ ಸಂಸ್ಥೆಗಳು ಸೇರಿ ಪಾಲಿಸುವುದು ಕಡ್ಡಾಯವೇ ಅಲ್ಲದ ಮಾರ್ಗಸೂಚಿಯೊಂದನ್ನು ಮುಂದಿಟ್ಟವು, ಉದ್ಯಮದ ವಿರೋಧದ ಮುಂದೆ ಅದೂ ಕೊನೆಮುಟ್ಟಲಿಲ್ಲ.

ಕಂಪನಿಗಳ ವಿಷಯದಲ್ಲಿ ಕೈಕಟ್ಟಿ ಕುಳಿತ ವ್ಯವಸ್ಥೆ ಮಕ್ಕಳ ವಿಷಯದಲ್ಲಿ ಮಾತ್ರ ಬಹಳ ಚುರುಕಾಗಿತ್ತು. 2003ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯ ಶಾಲೆಯಲ್ಲಿ ಮಕ್ಕಳ ತೂಕ, ಎತ್ತರ ಅಳೆದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ವರದಿಯನ್ನು ಮನೆಗೆ ಕಳಿಸುವ ಕಾನೂನು ಮಾಡಿತು, ಮುಂದೆ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾದ 79 ಶಾಲೆಗಳ ಸುಮಾರು 28,000 ಮಕ್ಕಳನ್ನು ಒಳಗೊಂಡು, 2021ರ ಹೊತ್ತಿಗೆ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ವರದಿಗಳಿಂದ ಮಕ್ಕಳ ತೂಕದಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ; ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಲ್ಲಿ ತಮ್ಮ ಮೈಯ ಬಗೆಗಿನ ಅಸಮಾಧಾನ ಮಾತ್ರ ಹೆಚ್ಚಾಯಿತು.

ನಾಚಿಕೆಪಡಿಸಿದರೆ ಮಕ್ಕಳು ತಿದ್ದಿಕೊಳ್ಳುತ್ತಾರೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದವರನ್ನು ಆರೋಗ್ಯದ ಶತ್ರುಗಳಂತೆ ನೋಡಲಾಗುತ್ತದೆ. ಅದಕ್ಕಾಗಿಯೇ ನ್ಯಾಟಲೀ ಷ್ವೇ ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಮತ್ತೆ ಮತ್ತೆ ಉಲ್ಲೇಖಿಸುತ್ತೇನೆ. ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಈ ತಂಡಕ್ಕೆ, ತೂಕದ ಕಾರಣಕ್ಕೆ ಹೆಚ್ಚು ಗೇಲಿಗೊಳಗಾದವರ ಬಿಎಂಐ, ಗೇಲಿಗೊಳಗಾಗದವರಿಗಿಂತ ಶೇಕಡಾ 33ರಷ್ಟು ವೇಗವಾಗಿ ಏರಿದ್ದು ಕಂಡಿತು. ಇದು ಕೇವಲ 110 ಮಕ್ಕಳ ಅಧ್ಯಯನ. ಗೇಲಿಯೇ ಕಾರಣವೆಂದು ಇದರಿಂದಷ್ಟೇ ಹೇಳಲಾಗದು. ಆದರೂ ‘ಡುಮ್ಮ’ ಎಂಬ ಒಂದು ಮಾತು ಮಗುವನ್ನು ಆಟದ ಮೈದಾನದಿಂದ ದೂರ ಓಡಿಸುವುದನ್ನು, ಅವಮಾನ ನುಂಗಲು ಊಟದ ಮೊರೆ ಹೋಗುವಂತೆ ಮಾಡುವುದನ್ನು, ವೈದ್ಯರ ಬಳಿ ಹೋಗಲೂ ಹಿಂಜರಿಯುವಂತೆ ಮಾಡುವುದನ್ನು ಪುಲ್ ಅವರಂಥವರ ಕೆಲಸ ವರ್ಷಗಳಿಂದ ದಾಖಲಿಸುತ್ತಲೇ ಬಂದಿದೆ.

ಬೇರೆ ದಾರಿ ಇಲ್ಲ ಎನ್ನುವವರು ಚಿಲಿ ದೇಶವನ್ನು ನೋಡಲಿ. ಅಲ್ಲಿ 2016ರಲ್ಲಿ ಜಾರಿಗೆ ಬಂದ ಕಾನೂನು ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮೇಲೆ ಕಪ್ಪು ಅಷ್ಟಕೋನದ ಮುದ್ರೆ ಒತ್ತಿತು, ಅಂಥವುಗಳ ಮೇಲಿನ ಕಾರ್ಟೂನ್ ಪಾತ್ರಗಳನ್ನು ತೆಗೆಸಿತು, ಶಾಲೆಗಳಲ್ಲಿ ಅವುಗಳ ಮಾರಾಟವನ್ನು ನಿಲ್ಲಿಸಿತು. ಅಲ್ಲಿ ಎಚ್ಚರಿಕೆಯ ಮುದ್ರೆ ಬಿದ್ದದ್ದು ಪೊಟ್ಟಣದ ಮೇಲೆ. ಅರ್ಕನ್ಸಾದಲ್ಲಿ ಎಚ್ಚರಿಕೆಯ ಪತ್ರ ಹೋದದ್ದು ಮಗುವಿನ ಮನೆಗೆ.