ಅಳೆದದ್ದನ್ನು ಎಲ್ಲಿಡುವುದು? ಅಡಕೆ ತೋಟದ ಸೆನ್ಸರ್ ಜಾಲದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ನಿಂತು ಸೆನ್ಸರ್ ಜಾಲದ ಬಗ್ಗೆ ಮಾತಾಡುವಾಗ ಉದಾಹರಣೆಗೆ ದೂರ ಹೋಗಬೇಕಿಲ್ಲ, ಒಂದು ಅಡಕೆ ತೋಟ ಸಾಕು. ಸಾಲಿಗೆ ಎಂಟರಂತೆ ಎಂಟು ಸಾಲು, ಒಟ್ಟು 64 ನೋಡ್, ಅಂದರೆ ಅಳೆದು ರೇಡಿಯೋದಲ್ಲಿ ಸುದ್ದಿ ಕಳಿಸುವ ಪುಟ್ಟ ಪೆಟ್ಟಿಗೆ, ಕೂರಿಸಿದ್ದೇವೆ ಅಂದುಕೊಳ್ಳಿ. ಪ್ರತಿಯೊಂದೂ 15 ನಿಮಿಷಕ್ಕೊಮ್ಮೆ ಉಷ್ಣಾಂಶ, ತೇವಾಂಶ, ಎಲೆಯ ಮೇಲಿನ ನೀರು ಅಳೆಯುತ್ತದೆ. ಕರೆಂಟ್ ಇರುವುದು ಮೂಲೆಯ ಪಂಪ್‌ಹೌಸಿನಲ್ಲಿ ಮಾತ್ರ, ಸುದ್ದಿಯೆಲ್ಲ ಬಂದು ಸೇರುವ ಬೇಸ್ ಸ್ಟೇಷನ್ ಅಲ್ಲೇ. ಕೊಳೆರೋಗದ ಹವೆ ಬಂತೋ ಇಲ್ಲವೋ ಎಂಬ ಪ್ರಶ್ನೆ ಹೊರಡುವುದೂ ಅಲ್ಲಿಂದಲೇ.

ಮೊದಲು ಬ್ಯಾಟರಿ ನೋಡೋಣ. ಟೆಲೋಸ್‌ಬಿ ಎಂಬ ಮಾದರಿಯ ನೋಡಿನಲ್ಲಿರುವ ಸಿಸಿ2420 ಎಂಬ ರೇಡಿಯೋ ಚಿಪ್ ಪೂರ್ಣ ಬಲದಲ್ಲಿ ಕಳಿಸುವಾಗ ಎಳೆಯುವುದು 17.4 ಮಿಲಿಆಂಪಿಯರ್, ಕೇಳುವಾಗ 18.8. ಮಾತಾಡುವುದಕ್ಕಿಂತ ಸುಮ್ಮನೆ ಕೇಳುತ್ತ ಕೂರುವುದೇ ದುಬಾರಿ! 2500 ಮಿಲಿಆಂಪಿಯರ್‌ಅವರ್ ಸೆಲ್ ಎರಡನ್ನು ಸರಣಿಯಲ್ಲಿ ಹಾಕಿ ರೇಡಿಯೋ ಸದಾ ತೆರೆದಿಟ್ಟರೆ ಐದೂವರೆ ದಿನಕ್ಕೆ ಖಾಲಿ. ಆದ್ದರಿಂದ ನೋಡ್ ಬಹುಪಾಲು ಹೊತ್ತು ಮಲಗಿರಬೇಕು. ಪ್ರತಿ ಸಂದೇಶವೂ ಅದರ ನಿದ್ದೆ ಕೆಡಿಸುತ್ತದೆ. ಹಾಗಾಗಿ ನಮ್ಮ ಲೆಕ್ಕವೆಲ್ಲ ಸಂದೇಶಗಳದ್ದು.

ಎಲೆಯ ತೇವ ಮಿತಿ ದಾಟಿದ ಸುದ್ದಿ ಇಡೀ ತೋಟದಲ್ಲಿ ಗಂಟೆಗೆ 16 ಹುಟ್ಟುತ್ತದೆ ಅನ್ನಿ, ಪ್ರಶ್ನೆ ಗಂಟೆಗೆ ಒಂದು. ಹುಟ್ಟಿದ್ದನ್ನೆಲ್ಲ ಬೇಸ್ ಸ್ಟೇಷನ್‌ಗೆ ಕಳಿಸಿದರೆ ಸರಾಸರಿ ಏಳು ಜಿಗಿತ (ಒಂದು ನೋಡಿನಿಂದ ಪಕ್ಕದ ನೋಡಿಗೆ ದಾಟುವುದು ಒಂದು ಜಿಗಿತ, ಒಂದು ಸಂದೇಶ), ಒಟ್ಟು 112 ಸಂದೇಶ. ಸುದ್ದಿ ಹುಟ್ಟಿದಲ್ಲೇ ಇರಲಿ, ಪ್ರಶ್ನೆಯೇ ತೋಟವೆಲ್ಲ ಸುತ್ತಲಿ ಅಂದರೆ 64. ಉತ್ತರದ ಖರ್ಚು ಬೇರೆ. ನಡುದಾರಿ 2004ರಲ್ಲಿ ಪ್ರಕಟವಾದ ಬಾಚಣಿಗೆ–ಸೂಜಿ ವಿಧಾನ: ಸುದ್ದಿಯನ್ನು ಪಕ್ಕದ ಸಾಲಿನ ನೋಡಿಗೂ ಒಂದು ಪ್ರತಿ ಕೊಟ್ಟಿಡುವುದು (ಇದು ಸೂಜಿ), ಪ್ರಶ್ನೆ ಸಾಲು ಬಿಟ್ಟು ಸಾಲು ಓಡುವುದು (ಇದು ಬಾಚಣಿಗೆ, ಓಡುವ ಸಾಲುಗಳೇ ಅದರ ಹಲ್ಲು). ಸುದ್ದಿಗೆ 16, ಪ್ರಶ್ನೆಗೆ 35 (ಅಂಚಿನುದ್ದ 7, ನಾಲ್ಕು ಹಲ್ಲಿಗೆ ತಲಾ 7), ಒಟ್ಟು 51.

ಜುಲೈನಲ್ಲಿ ಈ ಲೆಕ್ಕ ತಲೆಕೆಳಗು. ಮದ್ದು ಹೊಡೆಸಲು ಮಳೆ ಬಿಡುವ ಹೊಳವು ಹುಡುಕುತ್ತ ಗಂಟೆಗೆ ನಾಲ್ಕು ಸಲ ಕೇಳಿದರೆ ತೋಟ ಸುತ್ತುವ ಪ್ರಶ್ನೆಗೇ 256 ಸಂದೇಶ. ಬಾಚಣಿಗೆಯ ಹಲ್ಲನ್ನು ನಾಲ್ಕು ಸಾಲಿಗೊಂದು ಮಾಡಿ, ಸುದ್ದಿಯನ್ನು ಮತ್ತೆ ಮೂರು ನೋಡಿಗೆ ಹಂಚಿದರೆ 132. ಎಲ್ಲವನ್ನೂ ಬೇಸ್ ಸ್ಟೇಷನ್‌ಗೆ ಕಳಿಸುವುದು ಈಗಲೂ 112, ಅಗ್ಗ ಅನ್ನಿಸುತ್ತದೆ. ಆದರೆ ಆ ಸಂದೇಶಗಳೆಲ್ಲ ಬೇಸಿನ ಪಕ್ಕದ ಎರಡೇ ನೋಡ್‌ಗಳ ಹೆಗಲ ಮೇಲೆ ದಾಟಬೇಕು. ದೂರದ ಮೂಲೆಯ ನೋಡಿಗಿಂತ ಅವಕ್ಕೆ ಮೂವತ್ತು ಪಟ್ಟಿಗೂ ಹೆಚ್ಚು ಕೆಲಸ. ಅವೆರಡು ಸತ್ತರೆ ಉಳಿದ ನೋಡ್‌ಗಳಲ್ಲಿ ಬ್ಯಾಟರಿ ತುಂಬಿದ್ದೂ ಪ್ರಯೋಜನವಿಲ್ಲ. ಒಟ್ಟು ಮೊತ್ತ ನೋಡಿ ಮರುಳಾಗಬೇಡಿ, ಅತಿ ಹೆಚ್ಚು ದಣಿಯುವ ನೋಡ್ ಯಾವುದು ಎಂದು ನೋಡಿ. ಬಾಚಣಿಗೆಗೂ ಇದೇ ಮಾತು: ಹಲ್ಲಿನ ಸಾಲನ್ನು ದಿನಕ್ಕೊಮ್ಮೆ ಜರುಗಿಸದಿದ್ದರೆ ಆ ಸಾಲುಗಳೇ ಮೊದಲು ಮಲಗುತ್ತವೆ.

2002ರ ಇನ್ನೊಂದು ಉಪಾಯ ಭೌಗೋಳಿಕ ಹ್ಯಾಶ್ ಕೋಷ್ಟಕ. ‘ಎಲೆ ತೇವ’ ಎಂಬ ಹೆಸರನ್ನೇ ಹ್ಯಾಶ್ ಮಾಡಿದರೆ, ಅಂದರೆ ಎಲ್ಲ ನೋಡಿಗೂ ಗೊತ್ತಿರುವ ಒಂದು ಸೂತ್ರಕ್ಕೆ ಹಾಕಿ ಸಂಖ್ಯೆಯಾಗಿಸಿದರೆ, ತೋಟದ ಒಂದು ಜಾಗ ಸಿಗುತ್ತದೆ. ಇಡುವವರೂ ಕೇಳುವವರೂ ನೇರ ಅಲ್ಲಿಗೇ ಹೋಗುತ್ತಾರೆ. ಸೊಗಸಾಗಿದೆ, ಆದರೆ ಜಾಗ ಸಾಲದು. ಟೆಲೋಸ್‌ಬಿಯಲ್ಲಿ ದಾಖಲೆ ಉಳಿಸಿಡುವ ಹೊರಗಿನ ಫ್ಲ್ಯಾಶ್ ಚಿಪ್ 1 ಎಂಬಿ. ಒಂದು ದಾಖಲೆಗೆ 16 ಬೈಟ್ ಹಿಡಿದರೆ ತನ್ನದೇ ಅಳತೆಗೆ 682 ದಿನ ಸಾಕು. ಅರವತ್ನಾಲ್ಕರ ಅಳತೆಯೂ ಒಂದೇ ನೋಡಿಗೆ ಸುರಿದರೆ ದಿನಕ್ಕೆ 6144 ದಾಖಲೆ, ಹನ್ನೊಂದನೇ ದಿನ ಭರ್ತಿ. ಆಮೇಲೆ ಅಳಿಸಬೇಕಾದ್ದು 64 ಕೆಬಿಯ ಇಡೀ ಸೆಕ್ಟರ್, ಅಂದರೆ 16 ಗಂಟೆಯ ತೋಟದ ಚರಿತ್ರೆ ಒಟ್ಟಿಗೇ ಮಾಯ. ಹೆಸರಿನ ಜೊತೆ ದಿನಾಂಕವನ್ನೂ ಸೇರಿಸಿ ಹ್ಯಾಶ್ ಮಾಡಿ, ಹೊರೆ ದಿನಕ್ಕೊಂದು ಕಡೆ ಬೀಳುತ್ತದೆ. ವಾರದ ಲೆಕ್ಕ ಕೇಳಿದರೆ ಮಾತ್ರ ಏಳು ಕಡೆ ಅಲೆಯಬೇಕು.

ಇನ್ನು ಮಳೆ. 2.4 ಗಿಗಾಹರ್ಟ್ಸ್ ಅಲೆಯನ್ನು ತೊಯ್ದ ಸೋಗೆ ಚೆನ್ನಾಗಿಯೇ ನುಂಗುತ್ತದೆ. ಪ್ರತಿ ಜಿಗಿತದಲ್ಲಿ ಹತ್ತಕ್ಕೆ ಒಂಬತ್ತು ದಾಟಿದರೂ, ಕಳೆದದ್ದನ್ನು ಮತ್ತೆ ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ ಏಳು ಜಿಗಿತದ ಕೊನೆಗೆ ಅರ್ಧವೂ ಉಳಿಯುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಪರೀಕ್ಷೆ ಮಾಡಿ ಅಂತರ ಗೊತ್ತುಮಾಡಿದ ಜಾಲ ಜೂನ್‌ನಲ್ಲಿ ಹರಿಯುವುದು ಇದಕ್ಕೇ. ಅಂತರ ಅಳೆಯುವುದಿದ್ದರೆ ಮಳೆ ಹೊಯ್ಯುತ್ತಿರುವಾಗ, ಕೊಡೆ ಹಿಡಿದಾದರೂ, ತೋಟಕ್ಕೆ ಇಳಿದು ಅಳೆಯಿರಿ.