ಪಿಸ್ಟನ್ಸ್ ಸತತ 28 ಪಂದ್ಯ ಸೋತಿದ್ದು ಹೇಗೆ? ತಪ್ಪು ಹುಡುಗರದ್ದಲ್ಲ

[ತೆರೆ: ಖಾಲಿ ಕೋರ್ಟ್‌ನ ರೇಖಾಚಿತ್ರ. ಮೇಲೆ ಬರಹ: 30 ಅಕ್ಟೋಬರ್ 2023ರಿಂದ 28 ಡಿಸೆಂಬರ್ 2023]

ನಮಸ್ಕಾರ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2023-24ರ ಸೀಸನ್‌ನಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಮೊದಲ ಮೂರು ಪಂದ್ಯಗಳಲ್ಲಿ ಎರಡು ಗೆದ್ದಿತ್ತು. ಆಮೇಲೆ ಒಂದರ ಹಿಂದೆ ಒಂದರಂತೆ 28 ಪಂದ್ಯ ಸೋತಿತು. ಇಡೀ ನವೆಂಬರ್ ತಿಂಗಳಲ್ಲಿ ಒಂದೇ ಒಂದು ಗೆಲುವಿಲ್ಲ. ಅದಕ್ಕೂ ಮುಂಚೆ ಎನ್‌ಬಿಎಯಲ್ಲಿ ಒಂದೇ ಸೀಸನ್‌ನ ಅತಿ ಉದ್ದದ ಸೋಲಿನ ಸರಣಿ 26 ಪಂದ್ಯದ್ದು. 2010-11ರಲ್ಲಿ ಕ್ಲೀವ್‌ಲ್ಯಾಂಡ್, 2013-14ರಲ್ಲಿ ಫಿಲಡೆಲ್ಫಿಯಾ ಅಷ್ಟು ಸೋತಿದ್ದವು. ಪಿಸ್ಟನ್ಸ್ ಅದನ್ನೂ ದಾಟಿತು. ಸೀಸನ್ ಮುಗಿದಾಗ ಲೆಕ್ಕ 14 ಗೆಲುವು, 68 ಸೋಲು.

1989, 1990 ಮತ್ತು 2004ರಲ್ಲಿ ಚಾಂಪಿಯನ್ ಆದ ತಂಡ ಇದು. ಎದುರಾಳಿಗಳು ಈ ಊರಿಗೆ ಆಡಲು ಬರೋಕೆ ಹೆದರುತ್ತಿದ್ದ ಕಾಲ ಇತ್ತು. ಆ ಡಿಸೆಂಬರ್‌ನಲ್ಲಿ ಅದೇ ಊರಿನ ಜನ ಸ್ಟೇಡಿಯಂನಲ್ಲಿ ಎದ್ದು ನಿಂತು, ಮಾಲೀಕ ಟಾಮ್ ಗೋರ್ಸ್ ಅವರಿಗೆ ಕೇಳೋ ಹಾಗೆ "ತಂಡ ಮಾರಿ" ಅಂತ ಕೂಗಿದರು. ಆ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಕಾರಣ ಕೋರ್ಟ್ ಮೇಲೇ ಕಣ್ಣಿಗೆ ಕಾಣುತ್ತೆ.

ಆಗ ಎಲ್ಲರೂ ಹೇಳುತ್ತಿದ್ದ ಸಮಾಧಾನದ ಮಾತು ಒಂದೇ: ಹುಡುಗರು ಇನ್ನೂ ಚಿಕ್ಕವರು, ಸ್ವಲ್ಪ ಕಾಯಿರಿ. ನಾನು ಇದನ್ನ ಒಪ್ಪಲ್ಲ. ಕೇಡ್ ಕನಿಂಗ್‌ಹ್ಯಾಮ್, ಜೇಲೆನ್ ಡ್ಯೂರೆನ್, ಅಸಾರ್ ಥಾಂಪ್ಸನ್, ಐಸಾಯಾ ಸ್ಟುವರ್ಟ್, ಜೇಡೆನ್ ಐವಿ, ಇದೇ ಹುಡುಗರು ಮರುವರ್ಷವೂ ತಂಡದಲ್ಲಿದ್ದರು. ಆ ವರ್ಷ ಪಿಸ್ಟನ್ಸ್ 44 ಪಂದ್ಯ ಗೆದ್ದಿತು. ಒಂದೇ ವರ್ಷದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಒಂದು ಬೇಸಿಗೆಯಲ್ಲಿ ಯಾರೂ ಅಷ್ಟು ದೊಡ್ಡವರಾಗಲ್ಲ. ಬದಲಾಗಿದ್ದು ಅವರ ಪಕ್ಕದಲ್ಲಿ ಯಾರನ್ನ ನಿಲ್ಲಿಸಿದರು, ಎಲ್ಲಿ ನಿಲ್ಲಿಸಿದರು ಅನ್ನೋದು.

[ತೆರೆ: ಅರ್ಧ ಕೋರ್ಟ್. ಐದು ನೀಲಿ ಚುಕ್ಕಿಗಳು: ಕೇಡ್, ಹೇಯ್ಸ್, ಅಸಾರ್, ಸ್ಟುವರ್ಟ್, ಡ್ಯೂರೆನ್]

ಸೀಸನ್‌ನ ಮೊದಲ ಪಂದ್ಯಕ್ಕೆ ಕೋಚ್ ಮಾಂಟಿ ವಿಲಿಯಮ್ಸ್ ಇಳಿಸಿದ ಐವರು ಇವರು. ಇಲ್ಲಿ ನೋಡಬೇಕಾದ ಪ್ರಶ್ನೆ ಒಂದೇ: ಕೇಡ್ ಕೈಯಲ್ಲಿ ಚೆಂಡು ಇದ್ದಾಗ, ಉಳಿದ ನಾಲ್ವರಲ್ಲಿ ಯಾರನ್ನ ಬಿಟ್ಟು ಬರೋಕೆ ಎದುರಾಳಿ ಭಯಪಡುತ್ತೆ?

ಡ್ಯೂರೆನ್ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡೋ ಎತ್ತರದ ಆಟಗಾರ. ಅಲ್ಲಿ ಬಲಶಾಲಿ, ದೂರದಿಂದ ಶಾಟ್ ಹಾಕಲ್ಲ. ಅದು ತಪ್ಪಲ್ಲ, ಸೆಂಟರ್ ಕೆಲಸವೇ ಬೇರೆ. ಅಸಾರ್ ಆಗ ಮೊದಲ ವರ್ಷದ ಆಟಗಾರ. ಡಿಫೆನ್ಸ್ ಅದ್ಭುತ, ಆದರೆ ದೂರದ ಗೆರೆಯ ಹೊರಗಿಂದ ಹಾಕೋ ಮೂರು ಪಾಯಿಂಟ್ ಶಾಟ್ ಐದಕ್ಕೆ ಒಂದೂ ಬೀಳುತ್ತಿರಲಿಲ್ಲ. ಕಿಲಿಯನ್ ಹೇಯ್ಸ್ 2020ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನ ಆರಿಸೋ ಕಾರ್ಯಕ್ರಮದಲ್ಲಿ, ಏಳನೆಯವರಾಗಿ ಬಂದವರು, ಅವರ ದೂರದ ಶಾಟ್ ಕೊನೆವರೆಗೂ ಸುಧಾರಿಸಲಿಲ್ಲ. ಉಳಿದದ್ದು ಸ್ಟುವರ್ಟ್. ಆ ವರ್ಷ ಅವರು ಮೂರರ ಶಾಟ್ ಚೆನ್ನಾಗೇ ಹಾಕಿದರು, ಅದನ್ನ ಹೇಳಲೇಬೇಕು. ಆದರೆ ಅವರು ಹುಟ್ಟಾ ಸೆಂಟರ್. ಕಾಲು ಸರಿಮಾಡಿಕೊಂಡು ಚೆಂಡು ಬಿಡೋಕೆ ಸಮಯ ಬೇಕು. ಆ ಸಮಯದೊಳಗೆ ಡಿಫೆಂಡರ್ ವಾಪಸ್ ಬಂದುಬಿಡ್ತಾನೆ.

[ಚಲನೆ: ಡ್ಯೂರೆನ್ ಮೇಲೆ ಬಂದು ಸ್ಕ್ರೀನ್ ಇಡುವುದು. ಕೇಡ್ ಬಲಕ್ಕೆ ತಿರುಗುವುದು. ಕೆಂಪು ಚುಕ್ಕಿಗಳು ಒಳಗೆ ಸರಿಯುವುದು. ನಿಧಾನಗತಿ.]

ಈಗ ಪಿಕ್ ಆ್ಯಂಡ್ ರೋಲ್ ನೋಡಿ. ಡ್ಯೂರೆನ್ ಬಂದು ಕೇಡ್ ಅವರ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾರೆ, ಅದು ಸ್ಕ್ರೀನ್. ಕೇಡ್ ಆ ಅಡ್ಡವನ್ನ ಬಳಸಿ ಒಳಗೆ ನುಗ್ಗುತ್ತಾರೆ, ಡ್ಯೂರೆನ್ ಬುಟ್ಟಿ ಕಡೆ ಓಡುತ್ತಾರೆ. ಒಂದು ಕ್ಷಣ ಇಬ್ಬರು ಡಿಫೆಂಡರ್‌ಗಳು ಇಬ್ಬರನ್ನ ಹಿಡಿಯೋಕೆ ಪರದಾಡ್ತಾರೆ. ಓಡುತ್ತಿರುವ ಸೆಂಟರ್‌ನ ತಡೆಯೋಕೆ ಮೂರನೆಯವನೊಬ್ಬ ಕಾರ್ನರ್‌ನಿಂದ ಒಳಗೆ ಬರಲೇಬೇಕು. ಒಳ್ಳೆಯ ತಂಡದ ಎದುರು ಅವನು ಹಾಗೆ ಬಂದರೆ ಶಿಕ್ಷೆ ಖಚಿತ: ಚೆಂಡು ಕಾರ್ನರ್‌ಗೆ ಹೋಗುತ್ತೆ. ಕಾರ್ನರ್‌ನಲ್ಲಿ ಮೂರರ ಗೆರೆ ಬುಟ್ಟಿಯಿಂದ ಸುಮಾರು 6.7 ಮೀಟರ್. ನೇರ ಎದುರಿನಿಂದ ಅದೇ ಗೆರೆ 7.24 ಮೀಟರ್ ದೂರ. ಅಂದರೆ ಕೋರ್ಟ್‌ನಲ್ಲಿ ಅತಿ ಸುಲಭದ ಮೂರು ಪಾಯಿಂಟ್ ಸಿಗೋದು ಕಾರ್ನರ್‌ನಲ್ಲೇ.

ಪಿಸ್ಟನ್ಸ್ ಎದುರು ಆ ಶಿಕ್ಷೆಯೇ ಇರಲಿಲ್ಲ. ಕಾರ್ನರ್‌ನಲ್ಲಿ ನಿಂತಿದ್ದು ಅಸಾರ್ ಅಥವಾ ಹೇಯ್ಸ್. ಅವರ ಡಿಫೆಂಡರ್‌ಗಳು ಸ್ಕ್ರೀನ್ ಬೀಳುವ ಮುಂಚೆಯೇ ಪೇಂಟ್‌ನ ಅಂಚಿಗೆ ಬಂದು ನಿಂತಿರುತ್ತಿದ್ದರು. ಪೇಂಟ್ ಅಂದರೆ ಬುಟ್ಟಿಯ ಮುಂದಿನ ಬಣ್ಣ ಹಚ್ಚಿದ ಚೌಕ. ಅಗಲ 4.88 ಮೀಟರ್ ಅಷ್ಟೇ. ಅಷ್ಟು ಜಾಗದೊಳಗೆ ಮೂವರು ಡಿಫೆಂಡರ್‌ಗಳ ಜೊತೆ ಡ್ಯೂರೆನ್ ಕೂಡ ಸೇರಿದರೆ, ಕೇಡ್ ನುಗ್ಗೋದು ಎಲ್ಲಿಗೆ?

[ತೆರೆ: ಮೂರು ಬಗೆಯ ಶಾಟ್ ಮತ್ತು ಟರ್ನೋವರ್, ಪಕ್ಕದಲ್ಲಿ ಅಂಕಿ]

ಜಾಗ ಇಲ್ಲದಿದ್ದರೆ ನಷ್ಟ ಎಷ್ಟು ಅಂತ ಲೆಕ್ಕ ಹಾಕೋಣ. ಇವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ಬುಟ್ಟಿ ಪಕ್ಕದ ಶಾಟ್ ನೂರಕ್ಕೆ 65 ಬಿದ್ದರೆ ಪ್ರತಿ ಪ್ರಯತ್ನಕ್ಕೆ 1.3 ಪಾಯಿಂಟ್. ಮೂರರ ಶಾಟ್ ನೂರಕ್ಕೆ 36 ಬಿದ್ದರೆ 1.08. ಮಧ್ಯದ ದೂರದಿಂದ, ಕೈ ಅಡ್ಡ ಇಟ್ಟಿರುವ ಡಿಫೆಂಡರ್ ಮೇಲಿಂದ ಹಾಕೋ ಎರಡರ ಶಾಟ್ ನೂರಕ್ಕೆ 42 ಬಿದ್ದರೆ 0.84. ಚೆಂಡನ್ನೇ ಕಳೆದುಕೊಂಡರೆ, ಅಂದರೆ ಟರ್ನೋವರ್ ಆದರೆ, ಸೊನ್ನೆ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಸುಮಾರು 100 ಸಲ ಚೆಂಡು ಸಿಗುತ್ತೆ. ಅದರಲ್ಲಿ ಹದಿನೈದೇ ಹದಿನೈದು ಸಲ 1.3ರ ಶಾಟ್ ಬದಲು 0.84ರ ಶಾಟ್ ಹಾಕಿದರೂ ಸುಮಾರು 7 ಪಾಯಿಂಟ್ ಹೋಯಿತು. ಎನ್‌ಬಿಎಯಲ್ಲಿ ಎಷ್ಟೋ ಪಂದ್ಯಗಳ ಅಂತರವೇ ಅಷ್ಟು.

ಸೊನ್ನೆ ಅಂದೆನಲ್ಲ, ಟರ್ನೋವರ್ ನಿಜವಾಗಿ ಸೊನ್ನೆಗಿಂತ ಕೆಟ್ಟದ್ದು. ಚೆಂಡು ಹೊರಗೆ ಹೋಗಿ ಟರ್ನೋವರ್ ಆದರೆ ಆಟ ನಿಲ್ಲುತ್ತೆ, ನಿಮ್ಮ ಐವರೂ ಹಿಂದೆ ಓಡಿ ನಿಲ್ಲಬಹುದು. ಆದರೆ ಕಿಕ್ಕಿರಿದ ಪೇಂಟ್‌ನೊಳಗಿಂದ ಕೊಟ್ಟ ಪಾಸ್ ಎದುರಾಳಿಯ ಕೈಗೆ ಸಿಕ್ಕರೆ ಆಟ ನಿಲ್ಲಲ್ಲ. ನಿಮ್ಮವರು ಮೂವರು ಬುಟ್ಟಿ ಕೆಳಗಿದ್ದಾರೆ, ಅವರವರು ಮೂವರು ಆಗಲೇ ಎದುರು ದಿಕ್ಕಿಗೆ ಓಡುತ್ತಿದ್ದಾರೆ. ನಾಲ್ಕು ಸೆಕೆಂಡ್‌ನಲ್ಲಿ ಇನ್ನೊಂದು ಕಡೆ ಸುಲಭದ ಬುಟ್ಟಿ. ಪಿಸ್ಟನ್ಸ್ ಆಗ ಲೀಗ್‌ನಲ್ಲಿ ಅತಿ ಹೆಚ್ಚು ಚೆಂಡು ಕಳೆದುಕೊಳ್ಳೋ ತಂಡಗಳ ಸಾಲಿನಲ್ಲಿತ್ತು. ಡಿಫೆನ್ಸ್ ಹಾಳಾಗಿದೆ ಅಂತ ಬೈದವರು ಅದರ ಅರ್ಧ ಕಾರಣ ಅಟ್ಯಾಕ್‌ನಲ್ಲೇ ಇತ್ತು ಅನ್ನೋದನ್ನ ಗಮನಿಸಲಿಲ್ಲ.

ಗಾಯಗಳೂ ಇದ್ದವು. ಬೋಯನ್ ಬೊಗ್ಡಾನೊವಿಚ್, ತಂಡದ ಅತ್ಯುತ್ತಮ ಶೂಟರ್, ಮೀನಖಂಡದ ನೋವಿನಿಂದ ಡಿಸೆಂಬರ್ ಶುರುವಿನವರೆಗೆ ಆಡಲೇ ಇಲ್ಲ. ಚೆಂಡು ನಡೆಸುವ ಅನುಭವಿ ಗಾರ್ಡ್ ಮಾಂಟೆ ಮಾರಿಸ್ ಕೂಡ ಇರಲಿಲ್ಲ. ಆದರೆ ಬೊಗ್ಡಾನೊವಿಚ್ ವಾಪಸ್ ಬಂದ ಮೇಲೂ ಸೋಲು ನಿಲ್ಲಲಿಲ್ಲ. ಹಾಗಾಗಿ ಗಾಯದ ಮೇಲೆ ಎಲ್ಲ ಹಾಕೋಕೆ ಆಗಲ್ಲ.

[ತೆರೆ: ಪಂದ್ಯದ 48 ನಿಮಿಷದ ಪಟ್ಟಿ, ಯಾರು ಯಾವಾಗ ಆಡಿದರು ಅನ್ನುವ ಬಣ್ಣದ ಗೆರೆಗಳು]

ಕೋಚ್ ವಿಷಯಕ್ಕೆ ಬರೋಣ, ಇಲ್ಲಿ ನನಗೆ ಬೇಸರ ಜಾಸ್ತಿ. ವಿಲಿಯಮ್ಸ್ ಸಣ್ಣ ಕೋಚ್ ಅಲ್ಲ. 2021ರಲ್ಲಿ ಫೀನಿಕ್ಸ್ ತಂಡವನ್ನ ಫೈನಲ್‌ಗೆ ಕರೆದೊಯ್ದವರು, 2022ರಲ್ಲಿ ವರ್ಷದ ಕೋಚ್ ಪ್ರಶಸ್ತಿ ಪಡೆದವರು. ಡೆಟ್ರಾಯಿಟ್ ಅವರಿಗೆ ಆರು ವರ್ಷಕ್ಕೆ 78.5 ಮಿಲಿಯನ್ ಡಾಲರ್ ಒಪ್ಪಂದ ಕೊಟ್ಟಿತು ಅಂತ ಆಗ ವರದಿಯಾಗಿತ್ತು. ಅಂಥವರು ಐವಿಯನ್ನ ಬೆಂಚ್‌ನಲ್ಲಿ ಕೂರಿಸಿ ಹೇಯ್ಸ್‌ಗೆ ಶುರುವಿನ ಜಾಗ ಕೊಟ್ಟರು. ಐವಿಯ ವೇಗ ನೋಡಿದ ಯಾರಿಗೂ ಅದು ಅರ್ಥವಾಗಲಿಲ್ಲ. ಚೆಂಡು ಹಿಡಿದು ಡಿಫೆನ್ಸ್ ಮುರಿಯಬಲ್ಲ ಎರಡನೆಯ ಆಟಗಾರ ತಂಡದಲ್ಲಿ ಅವರೊಬ್ಬರೇ.

ಅದಕ್ಕಿಂತ ದುಬಾರಿಯಾಗಿದ್ದು ಪೂರ್ತಿ ಬೆಂಚ್ ಐವರನ್ನ ಒಟ್ಟಿಗೆ ಇಳಿಸುವ ಅಭ್ಯಾಸ. ಸಾಮಾನ್ಯವಾಗಿ ಕೋಚ್‌ಗಳು ಮುಖ್ಯ ಆಟಗಾರರ ವಿಶ್ರಾಂತಿಯನ್ನ ಹಿಂದೆ ಮುಂದೆ ಮಾಡ್ತಾರೆ. ಉದಾಹರಣೆಗೆ ಕೇಡ್ ಮೊದಲ ಕ್ವಾರ್ಟರ್‌ನಲ್ಲಿ 8 ನಿಮಿಷ ಆಡಿ ಹೊರಗೆ ಹೋದರೆ, ಐವಿ ಆ ಹೊತ್ತಿಗೆ ಒಳಗಿರಬೇಕು. ಐವಿ ಹೊರಬರುವಾಗ ಕೇಡ್ ವಾಪಸ್. 48 ನಿಮಿಷದಲ್ಲಿ ಒಂದು ನಿಮಿಷವೂ ಚೆಂಡು ನಡೆಸುವವರು ಇಲ್ಲದ ಹಾಗೆ ಆಗಬಾರದು. ಐವರನ್ನೂ ಒಂದೇ ಸಲ ಬದಲಿಸಿದರೆ ಎದುರಾಳಿ ತಂಡ ತನ್ನ ಒಬ್ಬಿಬ್ಬರು ಸ್ಟಾರ್‌ಗಳನ್ನ ಕೋರ್ಟ್‌ನಲ್ಲೇ ಇಟ್ಟುಕೊಂಡು ನಾಲ್ಕೈದು ನಿಮಿಷದಲ್ಲಿ ಹತ್ತು ಪಾಯಿಂಟ್ ಎಳೆದುಕೊಂಡು ಹೋಗುತ್ತೆ. ಕೇಡ್ ವಾಪಸ್ ಬಂದು ಆ ಹತ್ತನ್ನ ತೀರಿಸೋದರಲ್ಲೇ ಸುಸ್ತಾಗ್ತಾರೆ.

ಡಿಸೆಂಬರ್ 26ರಂದು ಬ್ರೂಕ್ಲಿನ್ ಎದುರು ಕೇಡ್ 41 ಪಾಯಿಂಟ್ ಹಾಕಿದರು. ಆದರೂ 118-112ಕ್ಕೆ ಸೋಲು, ಅದು 27ನೆಯದು, ದಾಖಲೆ ಬಿದ್ದ ರಾತ್ರಿ. ಎರಡು ದಿನ ಬಿಟ್ಟು ಬಾಸ್ಟನ್‌ನಲ್ಲಿ, ಆ ವರ್ಷ ಚಾಂಪಿಯನ್ ಆದ ತಂಡದ ಎದುರು, ಅರ್ಧ ಸಮಯಕ್ಕೆ 19 ಪಾಯಿಂಟ್ ಮುಂದಿದ್ದರು. ಸೋತಿದ್ದು ಓವರ್‌ಟೈಮ್‌ನಲ್ಲಿ, 128-122. ಆ ಮೊದಲ 24 ನಿಮಿಷ ಆಡಿದವರೂ ಇದೇ ಹುಡುಗರೇ. ಡಿಸೆಂಬರ್ 30ಕ್ಕೆ ಟೊರಾಂಟೊ ಎದುರು 129-127ಕ್ಕೆ ಗೆದ್ದಾಗ ಸರಣಿ ಮುರಿಯಿತು.

ಕೋಚ್‌ಗೆ ಈ ಆಟಗಾರರನ್ನ ಆರಿಸಿ ಕೊಟ್ಟವರು ಜನರಲ್ ಮ್ಯಾನೇಜರ್ ಟ್ರಾಯ್ ವೀವರ್. ಸ್ಟುವರ್ಟ್, ಡ್ಯೂರೆನ್, ಮಾರ್ವಿನ್ ಬ್ಯಾಗ್ಲಿ, ಜೇಮ್ಸ್ ವೈಸ್‌ಮನ್: ಒಂದೇ ತಂಡದಲ್ಲಿ ನಾಲ್ವರು ಸೆಂಟರ್ ತರಹದವರು. ವೈಸ್‌ಮನ್‌ರನ್ನ ತರೋಕೆ 2023ರ ಫೆಬ್ರವರಿಯಲ್ಲಿ ಬಿಟ್ಟುಕೊಟ್ಟಿದ್ದು ಸದ್ದಿಕ್ ಬೇ ಅವರನ್ನ. ಬೇ 2022ರ ಮಾರ್ಚ್‌ನಲ್ಲಿ ಒರ್ಲ್ಯಾಂಡೊ ಎದುರು ಹತ್ತು ಮೂರರ ಶಾಟ್ ಹಾಕಿ 51 ಪಾಯಿಂಟ್ ಗಳಿಸಿದ ಶೂಟರ್. ಕೇಡ್ ತರಹದ ಆಟಗಾರನ ಪಕ್ಕದಿಂದ ಶೂಟರ್‌ನ ತೆಗೆದು ಇನ್ನೊಬ್ಬ ಸೆಂಟರ್‌ನ ಸೇರಿಸಿದ ಆ ವ್ಯವಹಾರವನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ.

ಸೋತರೆ ಒಳ್ಳೆಯ ಡ್ರಾಫ್ಟ್ ಸಿಗುತ್ತೆ ಅನ್ನೋ ವಾದವೂ ಇತ್ತು. ಡ್ರಾಫ್ಟ್‌ನಲ್ಲಿ ಯಾರು ಮೊದಲು ಆರಿಸಬೇಕು ಅಂತ ತೀರ್ಮಾನಿಸೋ ಆಗಿನ ಲಾಟರಿ ನಿಯಮದಲ್ಲಿ ಕೊನೆಯ ಮೂರೂ ತಂಡಗಳಿಗೆ ಮೊದಲ ಸ್ಥಾನ ಸಿಗೋ ಸಾಧ್ಯತೆ ತಲಾ 14 ಶೇಕಡಾ ಮಾತ್ರ ಇತ್ತು, ಕಟ್ಟಕಡೆಯ ತಂಡ ಐದನೇ ಸ್ಥಾನದವರೆಗೂ ಜಾರಬಹುದಿತ್ತು. 2023 ಮತ್ತು 2024, ಎರಡೂ ವರ್ಷ ಪಿಸ್ಟನ್ಸ್ ಕಟ್ಟಕಡೆಯಲ್ಲಿತ್ತು, ಎರಡೂ ವರ್ಷ ಐದನೇ ಸ್ಥಾನವೇ ಸಿಕ್ಕಿತು.

[ತೆರೆ: ಅದೇ ಅರ್ಧ ಕೋರ್ಟ್. ಹೊಸ ಐವರು: ಕೇಡ್, ಹಾರ್ಡವೇ, ಅಸಾರ್, ಹ್ಯಾರಿಸ್, ಡ್ಯೂರೆನ್]

2024ರ ಬೇಸಿಗೆಯಲ್ಲಿ ವೀವರ್ ಹೋದರು, ವಿಲಿಯಮ್ಸ್‌ರನ್ನೂ ತೆಗೆದರು. ಹೊಸ ಮುಖ್ಯಸ್ಥ ಟ್ರೇಜನ್ ಲ್ಯಾಂಗ್ಡನ್, ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್. ಅವರು ಸೂಪರ್‌ಸ್ಟಾರ್ ಯಾರನ್ನೂ ತರಲಿಲ್ಲ. ಟೋಬಿಯಾಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮಲಿಕ್ ಬೀಸ್ಲಿ, ಮೂವರೂ ದೂರದಿಂದ ಶಾಟ್ ಹಾಕಬಲ್ಲ ಅನುಭವಿಗಳು. ಬೀಸ್ಲಿಗೆ ಒಂದು ವರ್ಷಕ್ಕೆ 6 ಮಿಲಿಯನ್ ಡಾಲರ್, ಎನ್‌ಬಿಎ ಲೆಕ್ಕದಲ್ಲಿ ಚಿಲ್ಲರೆ. ಅವರು ಆ ಸೀಸನ್‌ನಲ್ಲಿ 319 ಮೂರರ ಶಾಟ್ ಹಾಕಿದರು. ಲೀಗ್‌ನಲ್ಲೇ ಎರಡನೇ ಸ್ಥಾನ, ಮೊದಲನೆಯವರಿಗೂ ಅವರಿಗೂ ಒಂದೇ ಶಾಟ್ ವ್ಯತ್ಯಾಸ.

ಇನ್ನೂ ಮುಖ್ಯವಾದ ಬದಲಾವಣೆ ಯಾವ ದುಡ್ಡೂ ಬೇಡದ್ದು. ಸ್ಟುವರ್ಟ್‌ರನ್ನ ಡ್ಯೂರೆನ್ ಪಕ್ಕದಲ್ಲಿ ಆಡಿಸೋದು ಬಿಟ್ಟು, ಡ್ಯೂರೆನ್ ಹೊರಬಂದಾಗ ಅವರ ಜಾಗಕ್ಕೆ ಇಳಿಸಿದರು. ಅಸಾರ್‌ರನ್ನ ಕಾರ್ನರ್‌ನಲ್ಲಿ ಸುಮ್ಮನೆ ನಿಲ್ಲಿಸದೆ, ಡಿಫೆಂಡರ್ ಕಣ್ಣು ಕೇಡ್ ಕಡೆ ತಿರುಗಿದ ಕೂಡಲೇ ಬುಟ್ಟಿಗೆ ಓಡುವ ಕೆಲಸ ಕೊಟ್ಟರು. ಅಸಾರ್ ಶಾಟ್ ಆಗಲೂ ಅಷ್ಟೇನೂ ಸುಧಾರಿಸಿರಲಿಲ್ಲ. ಶೂಟ್ ಮಾಡದವರು ಐವರಲ್ಲಿ ಇಬ್ಬರಿದ್ದರೆ ಸಂಭಾಳಿಸಬಹುದು, ಮೂವರಾದರೆ ಆಗಲ್ಲ. ಜನವರಿ 1ಕ್ಕೆ ಐವಿ ಕಾಲು ಮುರಿದುಕೊಂಡು ಸೀಸನ್‌ನಿಂದಲೇ ಹೊರಬಿದ್ದರು, ಆದರೂ ತಂಡ ಕುಸಿಯಲಿಲ್ಲ. ಕೇಡ್ ಸರಾಸರಿ 26.1 ಪಾಯಿಂಟ್, 9.1 ಅಸಿಸ್ಟ್ (ಇನ್ನೊಬ್ಬರ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್). ಹಿಂದಿನ ವರ್ಷ 22.7 ಮತ್ತು 7.5 ಇತ್ತು. ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಎದುರಿನ ಎರಡನೇ ಪಂದ್ಯ ಗೆದ್ದಾಗ, 2008ರ ನಂತರ ಪಿಸ್ಟನ್ಸ್‌ಗೆ ಅದೇ ಮೊದಲ ಪ್ಲೇಆಫ್ ಗೆಲುವು. ಆರು ಪಂದ್ಯದಲ್ಲಿ ಆ ಸರಣಿ ಸೋತರು, ಆದರೆ ಹೋರಾಡಿ ಸೋತರು.

[ತೆರೆ: ಶಾಟ್ ಕ್ಲಾಕ್ 14ರಲ್ಲಿ ನಿಂತಿರುವ ಚಿತ್ರ]

ನಿಮ್ಮ ತಂಡ ಸೋಲುತ್ತಿದ್ದರೆ ಹೀಗೆ ಪರೀಕ್ಷಿಸಿ. ಪಂದ್ಯದ ರೀಪ್ಲೇ ಹಾಕಿ. ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ 7ಕ್ಕೆ ಶುರುವಾಗೋ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 5:30ಕ್ಕೆ, ಹಾಗಾಗಿ ಲೈವ್ ಬೇಕಿಲ್ಲ. ಶಾಟ್ ಕ್ಲಾಕ್, ಅಂದರೆ ಶಾಟ್ ಹಾಕೋಕೆ ಇರೋ 24 ಸೆಕೆಂಡ್‌ನ ಗಡಿಯಾರ, 24ರಿಂದ 14ಕ್ಕೆ ಬಂದಾಗ ನಿಲ್ಲಿಸಿ. ಎದುರಾಳಿಯ ಎಷ್ಟು ಜನರ ಕಾಲು ಪೇಂಟ್ ಒಳಗಿದೆ ಅಂತ ಎಣಿಸಿ. ಹೀಗೆ ಇಪ್ಪತ್ತು ಸಲ ಬರೆದಿಡಿ. ಹೆಚ್ಚಿನ ಸಲ ಒಬ್ಬ ಇದ್ದರೆ ಜಾಗ ಇದೆ, ಶಾಟ್ ಬೀಳದಿರೋದು ಆ ದಿನದ ಅದೃಷ್ಟ ಇರಬಹುದು. ಮತ್ತೆ ಮತ್ತೆ ಮೂವರು ಸಿಕ್ಕರೆ, ಅವರು ಯಾರನ್ನ ಬಿಟ್ಟು ಬಂದಿದ್ದಾರೆ ನೋಡಿ. ಆ ಹೆಸರು ಪಂದ್ಯ ಪಂದ್ಯಕ್ಕೂ ಒಂದೇ ಆಗಿದ್ದರೆ, ನೀವು ಪ್ರಶ್ನೆ ಕೇಳಬೇಕಾದ್ದು ಆ ಆಟಗಾರನನ್ನಲ್ಲ, ಅವನನ್ನ ಅಲ್ಲಿ ನಿಲ್ಲಿಸಿದವರನ್ನ.

ನಿಮಗೆ ಸಿಕ್ಕ ಲೆಕ್ಕವನ್ನ ತಂಡದ ಹೆಸರು, ಪಂದ್ಯದ ದಿನಾಂಕದ ಜೊತೆ ಕೆಳಗೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಅದೇ ಬೋರ್ಡ್ ಮೇಲೆ ಬಿಡಿಸಿ ನೋಡೋಣ.