ಗಾಡಿ ಮಾರಿದಿರಿ, ಆರ್‌ಸಿ ಯಾರ ಹೆಸರಲ್ಲಿದೆ?

ಕೇಳುಗರಿಗೆ ನಮಸ್ಕಾರ. ಹಳೇ ಬೈಕನ್ನೋ ಕಾರನ್ನೋ ಮಾರಿ, ದುಡ್ಡು ಎಣಿಸಿಕೊಂಡು, ಕೀ ಕೊಟ್ಟು ಕಳಿಸಿದವರು ಈಗ ಕೇಳುತ್ತಿದ್ದರೆ, ದಯವಿಟ್ಟು ಇನ್ನೈದು ನಿಮಿಷ ರೇಡಿಯೋ ಆರಿಸಬೇಡಿ. ನಾನು ಹೇಳಬೇಕಾದ್ದು ಒಂದೇ ಮಾತು. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಯಾರ ಹೆಸರಿದೆಯೋ, ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಗಾಡಿ ಯಾರ ಮನೆ ಮುಂದೆ ನಿಂತಿದೆ, ಪೆಟ್ರೋಲ್ ಯಾರು ಹಾಕಿಸುತ್ತಾರೆ ಅನ್ನುವುದು ಲೆಕ್ಕಕ್ಕಿಲ್ಲ.

ಇದು ನನ್ನ ಅಭಿಪ್ರಾಯವಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಕೇಳಿ. ಒಬ್ಬರು ತಮ್ಮ ಕಾರನ್ನು 2007ರ ಜುಲೈನಲ್ಲಿ ಮಾರಿದರು. ಕೊಂಡವರು ಮರುವರ್ಷ ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ, ಆ ಮತ್ತೊಬ್ಬರು ಮಗದೊಬ್ಬರಿಗೆ. ಹೀಗೆ ನಾಲ್ಕು ಸಲ ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲಿನವರದ್ದೇ. 2009ರ ಮೇ 27ರಂದು ಆ ಕಾರು ರಿವರ್ಸ್ ಬರುವಾಗ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬ ಹೆಂಗಸಿಗೂ ಜೊತೆಗಿದ್ದ ಹುಡುಗನಿಗೂ ಬಡಿಯಿತು. ಹುಡುಗ ತೀರಿಕೊಂಡ. ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. ಹುಡುಗನ ಮನೆಯವರಿಗೆ 3,75,000 ರೂಪಾಯಿ ಪರಿಹಾರ ನಿಗದಿಯಾಯಿತು.

ಕೊಡಬೇಕಾದವರು ಯಾರು? ‘ನಾನು ಮಾರಿ ಎರಡು ವರ್ಷವಾಗುತ್ತ ಬಂತು’ ಎಂದರು ಮೊದಲಿನವರು. ಹೈಕೋರ್ಟ್ ಅದನ್ನು ಒಪ್ಪಿ ಹೊರೆಯನ್ನು ಮುಂದಿನವರ ಮೇಲೆ ಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ನೋಂದಾಯಿತ ಮಾಲೀಕರೇ ಹೊಣೆ ಎಂದಿತು. ಮಗನನ್ನು ಕಳೆದುಕೊಂಡವರು, ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಊರೂರು ಹುಡುಕುತ್ತ ಅಲೆಯಬೇಕೇ? ಅದಕ್ಕೇ ಕಾನೂನು ಆರ್‌ಸಿಯ ಹೆಸರನ್ನು ಹಿಡಿಯುತ್ತದೆ. ನ್ಯಾಯವಾದ ತೀರ್ಪು ಅದು. ಆದರೆ ಅಂದು ಸ್ಟೇರಿಂಗ್ ಮುಟ್ಟದ ಮನುಷ್ಯನ ಮೇಲೆ ಆ ಹೊರೆ ಬಂದದ್ದು ಒಂದು ಫಾರಂ ಕೊಡದೆ ಬಿಟ್ಟದ್ದಕ್ಕೆ, ಅದನ್ನು ನೆನಪಿಡಿ.

ಆ ಫಾರಂ ನಂಬರ್ 29. ಮಾರುವವರು ಕೊಡಬೇಕಾದ್ದು. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ, ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ 45 ದಿನ, ಜೊತೆಗೆ ಫಾರಂ 28ರ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ಕೊಳ್ಳುವವರ ಅರ್ಜಿ ಫಾರಂ 30, ಅವರಿಗೆ 30 ದಿನ ಅವಕಾಶ. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರಂ 35 ಕೊಟ್ಟು ತೆಗೆಸಿ. ಇಲ್ಲದಿದ್ದರೆ ಫೈಲ್ ಅಲ್ಲೇ ನಿಲ್ಲುತ್ತದೆ.

ಎಡವುವುದು ಎಲ್ಲಿ ಗೊತ್ತೇ? ಬ್ರೋಕರ್ ‘ಇಲ್ಲೊಂದು ಸೈನ್ ಹಾಕಿ ಸಾರ್, ಮಿಕ್ಕಿದ್ದು ನಾವು ನೋಡ್ಕೋತೀವಿ’ ಅನ್ನುತ್ತಾರೆ. ಫಾರಂ 29ರಲ್ಲಿ ಕೊಂಡವರ ಹೆಸರು, ತಂದೆಯ ಹೆಸರು, ವಿಳಾಸ, ಮಾರಿದ ತಾರೀಕು, ಎಲ್ಲ ಜಾಗವೂ ಖಾಲಿ. ನಿಮ್ಮ ಸಹಿ ಮಾತ್ರ ಇದೆ. ಆ ಖಾಲಿ ಫಾರಂ ಗಾಡಿಯ ಡಿಕ್ಕಿಯಲ್ಲಿ ಕೂತು ಕೈಯಿಂದ ಕೈಗೆ ಹೋಗುತ್ತದೆ, ಆರ್‌ಟಿಒಗೆ ಹೋಗುವುದೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಸಹಿ ಹಾಕಿ ಕೊಡುತ್ತಲೇ ಇದ್ದಾರೆ! ಖಾಲಿ ಫಾರಂಗೆ ಸಹಿ ಹಾಕಬೇಡಿ. ಎಲ್ಲ ತುಂಬಿಸಿ, ಎರಡು ಪ್ರತಿ ಮಾಡಿ, ಫೋಟೋ ತೆಗೆದುಕೊಳ್ಳಿ. ಗಾಡಿ ಒಪ್ಪಿಸಿದ್ದಕ್ಕೆ ಬರೆಸಿಕೊಳ್ಳುವ ಡೆಲಿವರಿ ನೋಟ್‌ನಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ. ಬೆಳಿಗ್ಗೆ ಕೊಟ್ಟ ಗಾಡಿ ಸಂಜೆಗೇ ಅಪಘಾತ ಮಾಡಿದರೆ ಪೊಲೀಸರು ಮೊದಲು ವಿಚಾರಿಸುವುದು ನಿಮ್ಮನ್ನೇ. ಓಡಿಸುತ್ತಿದ್ದವರು ಯಾರು ಎಂದು ಅವರು ಕೇಳಿದರೆ ಮಾಲೀಕರು ಹೇಳಲೇಬೇಕು, ಅದು 133ನೇ ಕಲಂ.

ಡೀಲರ್‌ಗೆ ಕೊಡುವುದಾದರೆ, ಅವರು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆದವರೇ ಎಂದು ಕೇಳಿ. 2023ರ ಏಪ್ರಿಲ್‌ನಿಂದ ಅಂಥ ಡೀಲರ್‌ಗೆ ಕೊಟ್ಟಾಗ ಫಾರಂ 29ಸಿ ಸಲ್ಲಿಸಬಹುದು. ಆಮೇಲೆ ಗಾಡಿ ಅವರ ಬಳಿ ಇರುವಷ್ಟು ದಿನವೂ ಹೊಣೆ ಅವರದ್ದೇ.

ಸಮಯ ಮುಗಿಯುತ್ತಾ ಬಂತು, ಇನ್ನೆರಡು ಮಾತು ಬೇಗ ಹೇಳುತ್ತೇನೆ. ಮಾಲೀಕರು ತೀರಿಹೋಗಿದ್ದರೆ ಮನೆಯವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಡಬೇಕು. ಅಪ್ಪನ ಹೆಸರಿನ ಗಾಡಿಯನ್ನು ವರ್ಷಗಟ್ಟಲೆ ಹಾಗೇ ಓಡಿಸಬೇಡಿ. ಇನ್ನು, ಗಾಡಿ ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಬರೆದು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು.

ಈಗಾಗಲೇ ಮಾರಿದ್ದೀರಾ? ಇವತ್ತೇ ಪರಿವಾಹನ್ ವೆಬ್‌ಸೈಟ್‌ನಲ್ಲಿ ಆ ಗಾಡಿಯ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮರೆಮಾಡಿರುತ್ತಾರೆ, ಆದರೂ ನಿಮ್ಮ ಹೆಸರನ್ನು ನೀವು ಗುರುತಿಸುತ್ತೀರಿ. ಅದು ಇನ್ನೂ ನಿಮ್ಮದೇ ಆಗಿದ್ದರೆ, ಗಾಡಿ ಕೊಂಡವರಿಗೆ ಈಗಲೇ ಫೋನ್ ಮಾಡಿ, ನಾಳೆ ಇಬ್ಬರೂ ಆರ್‌ಟಿಒ ಕಚೇರಿಗೆ ಹೋಗಿ. ನಮಸ್ಕಾರ.